ಚಿಪ್ಪು ಬದಲಿಸುವ ಏಡಿ

ಕೆರಿಬಿಯನ್ ಕರಾವಳಿಯ ಸನ್ಯಾಸಿ ಏಡಿ ಚಿಪ್ಪು ಬದಲಿಸುವುದನ್ನು ಒಮ್ಮೆ ನೋಡಬೇಕು. ಖಾಲಿ ಚಿಪ್ಪನ್ನು ಹೊರಳಿಸಿ, ಮೀಸೆಯಿಂದ ಸವರಿ, ಒಳಗೆ ಕಾಲಿಳಿಸಿ ಅಳತೆ ನೋಡುತ್ತದೆ. ಒಪ್ಪಿಗೆಯಾದರೆ ಮೆತ್ತನೆಯ ಸುರುಳಿ ಹೊಟ್ಟೆಯನ್ನು ಹಳೆಯ ಚಿಪ್ಪಿನಿಂದ ಎಳೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸದಕ್ಕೆ ತೂರಿಸಿಬಿಡುತ್ತದೆ. ಬೆದರಿದರೆ ಎಡಗಡೆಯ ದೊಡ್ಡ ನೇರಳೆ ಕೊಂಡಿಯೇ ಬಾಗಿಲು. ಎಷ್ಟು ಅಚ್ಚುಕಟ್ಟು!

ಅಮೆರಿಕದ ಕಡಲತೀರದ ಅಂಗಡಿಗಳಲ್ಲಿ ಇದನ್ನು ತಂತಿಪಂಜರದಲ್ಲಿಟ್ಟು, ಚಿಪ್ಪಿಗೆ ಬಣ್ಣ ಬಳಿದು ಮಾರುವುದುಂಟು. ನನಗದು ಕ್ರೌರ್ಯವೆಂದೇ ಅನಿಸುತ್ತದೆ. ನೆಲದ ಮೇಲಿದ್ದರೂ ಇದು ಉಸಿರಾಡುವುದು ಕಿವಿರುಗಳಿಂದ. ತೇವ ಆರಿದರೆ ಉಸಿರುಕಟ್ಟಿ ಸಾಯುತ್ತದೆ. ಸಾಕುವುದಾದರೆ ಮುಚ್ಚಳವಿರುವ ಗಾಜಿನ ತೊಟ್ಟಿ, ಶೇ 80ರ ಆಸುಪಾಸು ತೇವಾಂಶ, 25ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಕ್ಲೋರಿನ್ ತೆಗೆದ ಸಿಹಿನೀರಿನ ಬಟ್ಟಲೊಂದು, ಸಮುದ್ರದ ಉಪ್ಪುನೀರಿನದೊಂದು, ಜೊತೆಗೆ ಅದರದೇ ಜಾತಿಯ ಬೇರೆ ಏಡಿಗಳು ಇರಲೇಬೇಕು.

ಎಲ್ಲಕ್ಕಿಂತ ಮುಖ್ಯ ಮರಳು. ಅಂಗೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಹಸಿ, ಏಡಿ ಪೂರ್ತಿ ಹೂತುಹೋಗುವಷ್ಟು ಆಳ. ಅದರಡಿಯಲ್ಲಿ ಪೊರೆ ಕಳಚಿ, ಆ ಪೊರೆಯನ್ನೇ ತಿಂದು ಕ್ಯಾಲ್ಸಿಯಂ ವಾಪಸು ಪಡೆಯುತ್ತದೆ. ಮುರಿದ ಕಾಲೂ ಆಗಲೇ ಮತ್ತೆ ಮೂಡುವುದು. ದೊಡ್ಡ ಏಡಿಗೆ ತಿಂಗಳುಗಳೇ ಹಿಡಿದಾವು. ಸತ್ತಿತೇನೋ ಎಂದು ಅಗೆಯಬಾರದು. ಮೈ ಗಟ್ಟಿಯಾಗದ ಏಡಿಗೆ ಅದೇ ಸಾವು ತಂದೀತು.

ಚೆನ್ನಾಗಿ ನೋಡಿಕೊಂಡವರ ಮನೆಗಳಲ್ಲಿ ಇದು 30 ವರ್ಷ ದಾಟಿ ಬದುಕಿದ್ದಿದೆ. ಅಷ್ಟೂ ಕಾಲ, ಬಣ್ಣ ಬಳಿಯದ ಚಿಪ್ಪುಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಅದರ ಮುಂದೆ ಇಡುತ್ತಲೇ ಇರಬೇಕು.