ಬೇಟೆಗೆ ಗುರಿಯಾದ ಅರಸುಮಕ್ಕಳು

ಈ ವಾರ ಓದಿ ಎಂದು ಹೇಳಹೊರಟಿರುವುದು ಪೋಲೆಂಡಿನ ಪುಸ್ತಕ. ಆದರೆ ವಸ್ತಾರೆ, ಮೂಡಿಗೆರೆ, ಕಳಸದ ಓದುಗರು ಆ ದೇಶಕ್ಕೆ ನಮ್ಮದೇ ಜಿಲ್ಲೆಯ ದೇವನೂರಿನ ಮೇಲೆ ಹಾದು ಹೋಗುವುದು ಒಳ್ಳೆಯದು.

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರು. ಅಲ್ಲಿನ ಲಕ್ಷ್ಮೀರಮಣನ ಅಂಕಿತದಲ್ಲಿ ಅವನು ವಾರ್ಧಕ ಷಟ್ಪದಿಯಲ್ಲಿ ಬರೆದ ಜೈಮಿನಿ ಭಾರತದೊಳಗೆ ಚಂದ್ರಹಾಸನ ಕಥೆ ಬರುತ್ತದೆ. ಕೇರಳದ ಅರಸುಮಗು ತಂದೆತಾಯಿಯನ್ನು ಕಳೆದುಕೊಳ್ಳುತ್ತದೆ. ದಾದಿ ಅದನ್ನು ಕುಂತಳ ನಗರಕ್ಕೆ ತಂದು ಸಾಕುತ್ತಾಳೆ. ಅವಳೂ ತೀರಿಕೊಂಡ ಮೇಲೆ ಊರವರು ಕೊಟ್ಟ ತುತ್ತೇ ಅವನಿಗೆ ಗತಿ. ಈ ಹುಡುಗ ಮುಂದೆ ರಾಜ್ಯವಾಳುತ್ತಾನೆಂದು ಬ್ರಾಹ್ಮಣರು ನುಡಿದದ್ದೇ ತಡ, ಮಂತ್ರಿ ದುಷ್ಟಬುದ್ಧಿ ಅವನನ್ನು ಕಾಡಿಗೆ ಒಯ್ದು ಕೊಲ್ಲಲು ಹೇಳುತ್ತಾನೆ. ಕಟುಕರಿಗೆ ಕೈ ಬರುವುದಿಲ್ಲ. ಕಾಲಿನ ಆರನೆಯ ಬೆರಳನ್ನು ಕತ್ತರಿಸಿ ಕುರುಹಾಗಿ ಒಯ್ಯುತ್ತಾರೆ. ಅಪಶಕುನವೆಂದು ಎಣಿಸಿದ್ದ ಬೆರಳೇ ಅವನ ಜೀವ ಉಳಿಸುತ್ತದೆ. ಬೇಟೆಗೆ ಬಂದ ಕುಳಿಂದ ಆ ಮಗುವನ್ನು ತನ್ನ ಮಗನೆಂದೇ ಸಾಕುತ್ತಾನೆ.

ಇದೇ ಮನಸ್ಸಿನಲ್ಲಿ ಆಂಡ್ಜೆಯ್ ಸಾಪ್ಕೋವ್‌ಸ್ಕಿಯ 'ಬ್ಲಡ್ ಆಫ್ ಎಲ್ವ್ಸ್' ಕೈಗೆತ್ತಿಕೊಳ್ಳಿ. 1948ರಲ್ಲಿ ವೂಚ್ ನಗರದಲ್ಲಿ ಹುಟ್ಟಿದ ಸಾಪ್ಕೋವ್‌ಸ್ಕಿ ವಿಚರ್ ಎಂಬ ರಾಕ್ಷಸ ಬೇಟೆಗಾರನ ಮೊದಲ ಕಥೆಯನ್ನು 1986ರಲ್ಲಿ 'ಫಾಂಟಾಸ್ಟಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದ. ಈ ಕಾದಂಬರಿ ಪೋಲಿಷ್‌ನಲ್ಲಿ ಬಂದದ್ದು 1994ರಲ್ಲಿ. ಇಂಗ್ಲಿಷಿಗೆ ಬರುವಷ್ಟರಲ್ಲಿ 2008 ಆಗಿತ್ತು. ವಿಡಿಯೊ ಗೇಮ್ ಮತ್ತು 2019ರ ನೆಟ್‌ಫ್ಲಿಕ್ಸ್ ಸರಣಿಯಿಂದ ನಮ್ಮ ಹುಡುಗರಿಗೆ ವಿಚರ್ ಗೊತ್ತು. ಪುಸ್ತಕದ ರುಚಿಯೇ ಬೇರೆ.

ಸಿಂಟ್ರಾ ರಾಜ್ಯ ನಿಲ್ಫ್‌ಗಾರ್ಡ್ ಸೇನೆಯ ದಾಳಿಗೆ ಸಿಕ್ಕಿ ಉರಿದುಹೋಗಿದೆ. ರಾಣಿ ಕ್ಯಾಲಂತೆಯ ಮೊಮ್ಮಗಳು ಸಿರಿ ತಪ್ಪಿಸಿಕೊಂಡಿದ್ದಾಳೆ. ರೆಕ್ಕೆಯ ಶಿರಸ್ತ್ರಾಣದ ಕಪ್ಪು ಸವಾರ ರಾತ್ರಿಗಳಲ್ಲಿ ಅವಳ ಕನಸಿಗೆ ನುಗ್ಗುತ್ತಾನೆ. ಅವಳ ರಕ್ತದಲ್ಲಿ ಪುರಾತನ ಎಲ್ಫ್ ಕುಲದ ಮಾಂತ್ರಿಕ ಶಕ್ತಿ ಹರಿಯುತ್ತಿದೆ. ಒಬ್ಬನಿಗೆ ಅವಳ ಸಿಂಹಾಸನದ ಹಕ್ಕು ಬೇಕು, ಇನ್ನೊಬ್ಬನಿಗೆ ಅವಳ ಶಕ್ತಿ ಬೇಕು, ಮತ್ತೆ ಕೆಲವರಿಗೆ ಅವಳು ಬದುಕಿರುವುದೇ ತೊಡಕು.

ಇಷ್ಟೆಲ್ಲ ಇದ್ದರೂ ಈ ಕಾದಂಬರಿಯಲ್ಲಿ ಯುದ್ಧ ಕಡಿಮೆ, ಪಾಠ ಹೆಚ್ಚು. ರಾಕ್ಷಸ ಬೇಟೆಗಾರರ ಹಳೆಯ ಕೋಟೆ ಕೇರ್ ಮೊರ್ಹೆನ್‌ನಲ್ಲಿ ವಿಚರ್ ಗೆರಾಲ್ಟ್ ಮತ್ತು ಅವನ ಜೊತೆಗಾರರು ಸಿರಿಗೆ ಕತ್ತಿವರಸೆ ಕಲಿಸುತ್ತಾರೆ. ಮಾಂತ್ರಿಕೆ ಟ್ರಿಸ್ ಅಲ್ಲಿಗೆ ಬಂದು ನೋಡಿದರೆ, ಹುಡುಗಿ ಬೆಳೆಯುತ್ತಿದ್ದಾಳೆ, ತಿಂಗಳ ಮುಟ್ಟಿನ ದಿನಗಳಲ್ಲೂ ಗರಡಿಯ ದಂಡನೆ ತಪ್ಪಿಲ್ಲ ಎಂಬುದು ಆ ಗಂಡಸರ ಗಮನಕ್ಕೇ ಬಂದಿಲ್ಲ. ಟ್ರಿಸ್ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮಗುವನ್ನು ಕಾಯುವುದು ಬೇರೆ, ಬೆಳೆಸುವುದು ಬೇರೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಪುಟಗಳನ್ನು ಫ್ಯಾಂಟಸಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಮುಂದೆ ಮೆಲಿಟೆಲೆ ದೇವಿಯ ಗುಡಿಯಲ್ಲಿ ಇನ್ನೊಬ್ಬ ಮಾಂತ್ರಿಕೆ ಯೆನಿಫರ್ ಸಿರಿಗೆ ಮಂತ್ರವಿದ್ಯೆ ಹೇಳಿಕೊಡುತ್ತಾಳೆ. ಮೊದಮೊದಲು ಒಬ್ಬರಿಗೊಬ್ಬರು ಆಗದಿದ್ದವರು ಕೊನೆಗೆ ತಾಯಿಮಗಳೇ ಆಗಿಬಿಡುತ್ತಾರೆ.

ಚಂದ್ರಹಾಸನನ್ನು ಹರಿಭಕ್ತಿ ಕಾಯುತ್ತದೆ. ಸಿರಿಗೆ ಅಂಥ ಅಭಯವಿಲ್ಲ. ಅವಳಲ್ಲಿರುವ ಶಕ್ತಿಯೇ ಅವಳಿಗೆ ಕುತ್ತು. ಆದರೆ ಎರಡೂ ಕಥೆಗಳಲ್ಲಿ ಮಗು ಉಳಿಯುವುದು ರಕ್ತಸಂಬಂಧ ಇಲ್ಲದವರ ಮಡಿಲಲ್ಲಿ. ದಾದಿ, ಕುಳಿಂದ, ಗೆರಾಲ್ಟ್, ಯೆನಿಫರ್ ಇವರಲ್ಲಿ ಯಾರಿಗೂ ಆ ಹೊಣೆ ಹುಟ್ಟಿನಿಂದ ಬಂದದ್ದಲ್ಲ. ಭವಿಷ್ಯವಾಣಿ ಕೇಳಿದ ಅಧಿಕಾರಸ್ಥರು ಮಗುವಿನಲ್ಲಿ ಸಿಂಹಾಸನವನ್ನು ಕಂಡರು. ಇವರು ಮಗುವನ್ನೇ ಕಂಡರು. ಲಕ್ಷ್ಮೀಶನನ್ನೂ ಸಾಪ್ಕೋವ್‌ಸ್ಕಿಯನ್ನೂ ಒಂದೇ ಕಪಾಟಿನಲ್ಲಿ ಇಡಲು ನನಗೆ ಈ ಕಾರಣ ಸಾಕು.

ಹೊಸಬರು ನೇರವಾಗಿ ಈ ಕಾದಂಬರಿಗೆ ಇಳಿಯಬೇಡಿ. 'ದಿ ಲಾಸ್ಟ್ ವಿಶ್', 'ಸೋರ್ಡ್ ಆಫ್ ಡೆಸ್ಟಿನಿ' ಎಂಬ ಎರಡು ಕಥಾಸಂಕಲನಗಳನ್ನು ಮೊದಲು ಮುಗಿಸಿ. ಗೆರಾಲ್ಟ್‌ಗೂ ಸಿರಿಗೂ ನಂಟು ಬೆಳೆಯುವುದು ಎರಡನೆಯದರಲ್ಲಿ. ಅದನ್ನು ಬಿಟ್ಟರೆ ಕಾದಂಬರಿಯ ಅರ್ಧ ಭಾವ ಕೈತಪ್ಪುತ್ತದೆ.

ಕೊನೆಗೊಂದು ಕೋರಿಕೆ. ತೇಜಸ್ವಿ ಮೂಡಿಗೆರೆಯಲ್ಲಿ ಕುಳಿತು ಕೆನೆತ್ ಆಂಡರ್ಸನ್‌ನ ಬೇಟೆಯ ಕಥೆಗಳನ್ನು ಕನ್ನಡದವೇ ಎನ್ನುವಂತೆ ಕೊಟ್ಟರು. ಸಿರಿಯ ಕಥೆಗೂ ಅಂಥ ಕನ್ನಡ ಬೇಕು. ಪೋಲಿಷ್ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಕೆಲಸಕ್ಕೆ ಕೈಹಾಕಿ.