ಏಳು ಭಂಗಿಗಳ ಪರೀಕ್ಷೆ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಎದುರಾಳಿ ಚಿತ್ ಆದರೆ ತೀರ್ಪು ಮುಗಿಯಿತು. ದೇಹದಾರ್ಢ್ಯ ಸ್ಪರ್ಧೆಯಲ್ಲಿ ಹಾಗಲ್ಲ. ಕುಕ್ಕುವಾಡದಂಥ ಹಳ್ಳಿಯ ಹುಡುಗನಿರಲಿ, ಬೆಂಗಳೂರಿನವನಿರಲಿ, ಮೈಯನ್ನೇ ತೀರ್ಪುಗಾರರ ಮುಂದಿಡಬೇಕು.

ಮೊದಲು ತೂಕ, ಆಮೇಲೆ ವಿಭಾಗ. ಮೈಗೆ ಕಂದು ಬಣ್ಣ ಬಳಿದುಕೊಂಡವರು ಸಾಲಾಗಿ ನಿಂತು ಏಳು ಕಡ್ಡಾಯ ಭಂಗಿ ತೋರಿಸುತ್ತಾರೆ. ಬೆನ್ನು ತಿರುಗಿಸಿ ಎರಡೂ ತೋಳು ಮಡಚುವ ಭಂಗಿಯನ್ನೇ ನೋಡಿ: ಒಂದು ಕಾಲು ಹಿಂದಿಟ್ಟು ಮೀನಖಂಡ ಬಿಗಿಯಬೇಕು, ತೊಡೆ, ಬೆನ್ನು, ಹೆಗಲು ಒಟ್ಟಿಗೇ ಎದ್ದು ಕಾಣಬೇಕು, ಮುಖದಲ್ಲಿ ಮಾತ್ರ ಆಯಾಸ ಸುಳಿಯಬಾರದು. ಗಾತ್ರವೊಂದೇ ಸಾಲದು, ಅಂಗಗಳ ಹೊಂದಾಣಿಕೆಯೂ ಸ್ನಾಯುಗಳ ಗೆರೆಯೂ ಲೆಕ್ಕಕ್ಕೆ ಬರುತ್ತವೆ. ತೀರ್ಪುಗಾರರು ಬರೆಯುವುದು ಸ್ಥಾನಗಳನ್ನು. ಆ ಸ್ಥಾನಸಂಖ್ಯೆಗಳ ಮೊತ್ತ ಕಡಿಮೆ ಬಂದವನೇ ಗೆದ್ದ.

ಹವ್ಯಾಸಿ ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೇಲೇರಬೇಕು. ಅರ್ಹತಾ ಸ್ಪರ್ಧೆ ಗೆದ್ದು ‘ಪ್ರೊ ಕಾರ್ಡ್’ ಪಡೆದವನಿಗಷ್ಟೇ ವೃತ್ತಿಪರ ವೇದಿಕೆ. 1965ರಲ್ಲಿ ಶುರುವಾದ ಮಿಸ್ಟರ್ ಒಲಿಂಪಿಯಾ ಸ್ಪರ್ಧೆಗೆ ಹೋಗಲು ವೃತ್ತಿಪರ ವೇದಿಕೆಯಲ್ಲೂ ಮತ್ತೆ ಗೆಲ್ಲಬೇಕು.