ಜನಾಂಗ, ಜಾತಿ, ವರ್ಣ: ಮಿಶ್ರ ದಾಂಪತ್ಯದ ಬರಹಗಳೂ ಕನ್ನಡ ವಿಮರ್ಶೆಯ ಪರಿಭಾಷೆಯೂ

ಬಿಳಿಯರು ಹಾಗೂ ಭಾರತೀಯರ ಸಂಬಂಧಗಳನ್ನು ಕುರಿತ ಕಾದಂಬರಿ, ಆತ್ಮಕಥನಗಳನ್ನು ಚರ್ಚಿಸುವಾಗ ಕನ್ನಡ ವಿಮರ್ಶೆ ಮೊದಲು ಎಡವುವುದು ಪರಿಭಾಷೆಯಲ್ಲಿ. 'ಜನಾಂಗ' ಎಂಬ ಪದ ಬಿಳಿಯ-ಕರಿಯ ವಿಭಾಗಕ್ಕೂ ಸಲ್ಲುತ್ತದೆ, ಒಕ್ಕಲಿಗ, ಕುರುಬ ಮೊದಲಾದ ಸಮುದಾಯಗಳಿಗೂ ಸಲ್ಲುತ್ತದೆ. 'ವರ್ಣ'ವು ಮೈಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಮಿಶ್ರ ಸಂತಾನವನ್ನು 'ವರ್ಣಸಂಕರ'ವೆಂದ ಕೂಡಲೇ ಧರ್ಮಶಾಸ್ತ್ರದ ನಿಂದೆಯು ವಿಮರ್ಶಕರ ಅರಿವಿಲ್ಲದೆ ವಾಕ್ಯದೊಳಗೆ ಸೇರಿಕೊಳ್ಳುತ್ತದೆ. ಈ ಬೆರಕೆಯು ಎರಡು ಅಸಮಾನತೆಗಳ ಹೋಲಿಕೆಗೆ ಅನುಕೂಲವೆಂದು ವಾದಿಸಬಹುದು. ಆದರೆ ಹೋಲಿಸಬೇಕಾದವು ಮೊದಲು ಬೇರೆಯಾಗಿ ಕಾಣಬೇಕು. ಜಾತಿಯು ಜನಾಂಗಗಳ ವಿಭಜನೆಯಲ್ಲವೆಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿಯೇ ಪ್ರತಿಪಾದಿಸಿದ್ದರು.

ಪರಿಭಾಷೆ ಮಸುಕಾದೆಡೆ ಹೆಸರುಗಳೂ ಸಂಬಂಧವಾಚಕಗಳೂ ಹೆಚ್ಚು ನೆಚ್ಚಬಹುದಾದ ಸಾಕ್ಷ್ಯಗಳು. ಇಂದಿರಾನಗರದ ನೆರೆಯ ಹಲಸೂರಿನ ಸುತ್ತ 1809ರಲ್ಲಿ ನೆಲೆಗೊಂಡ ದಂಡು ಪ್ರದೇಶಕ್ಕೆ 1896ರಲ್ಲಿ ಬಂದ ವಿನ್‌ಸ್ಟನ್ ಚರ್ಚಿಲ್, 1930ರ 'ಮೈ ಅರ್ಲಿ ಲೈಫ್' ಎಂಬ ಆತ್ಮಕಥನದಲ್ಲಿ ಬಂಗಲೆಯ ಸೇವಕರನ್ನು ಬಟ್ಲರ್, ಸಾಯಿಸ್, ಭಿಸ್ತಿ, ಧೋಬಿ ಎಂದು ಕಸುಬಿನ ಹೆಸರುಗಳಿಂದ ಎಣಿಸುತ್ತಾರೆ. ಒಂದೇ ಆವರಣದಲ್ಲಿ ಬಾಳಿದವರು ಬರಹದಲ್ಲಿ ಬರಿಯ ಕೆಲಸಗಳಾಗಿ ಉಳಿಯುತ್ತಾರೆ. ಅದೇ ದಂಡಿನಲ್ಲಿ ನೆಲೆಸಿದ್ದ ಆಂಗ್ಲೋ-ಇಂಡಿಯನ್ನರನ್ನು ಸಂವಿಧಾನದ 366(2)ನೇ ವಿಧಿಯು ಪುರುಷ ಪರಂಪರೆಯ ಐರೋಪ್ಯ ಮೂಲದಿಂದ ಗುರುತಿಸುತ್ತದೆ. ತಾಯಿಯ ವಂಶಕ್ಕೆ ಆ ವ್ಯಾಖ್ಯೆಯಲ್ಲಿ ಸ್ಥಾನವಿಲ್ಲ.

ಹೀಗೆ ಮರೆಯಾಗುವ ಹೆಣ್ಣಿನ ಹೆಸರು ಉಳಿದಿರುವ ಅಪರೂಪದ ನಿದರ್ಶನವೊಂದು ಕೊಡಗಿನದು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯ ವಸ್ತು 1834ರಲ್ಲಿ ಅಳಿದ ರಾಜ್ಯ. ಆ ದೊರೆಯ ಮಗಳು, ಚರಿತ್ರೆಯ ಗೌರಮ್ಮ, 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ ವಿಕ್ಟೋರಿಯ ರಾಣಿಯೇ ಧರ್ಮಮಾತೆಯಾದಳು. 1860ರಲ್ಲಿ ಆಕೆಯ ವಿವಾಹ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯೊಡನೆ ನಡೆಯಿತು. ರಾಜ್ಯನಾಶವನ್ನೇ ಕೇಂದ್ರವಾಗಿಸಿದ ಓದಿಗೆ ಈ ಮದುವೆಯು ಮತಾಂತರದ ಅನುಬಂಧವಷ್ಟೇ. 'ವಿಕ್ಟೋರಿಯ ಗೌರಮ್ಮ' ಎಂಬ ಹೆಸರನ್ನು ಬಿಡಿಸಿದರೆ ಬೇರೊಂದು ಚಿತ್ರ ಮೂಡುತ್ತದೆ. ಮುಂದೆ ಸಾಮ್ರಾಜ್ಞಿಯ ಹೆಸರು. ಕೊನೆಯಲ್ಲಿ ಕನ್ನಡದ '-ಅಮ್ಮ' ಎಂಬ ಸಂಬಂಧವಾಚಕ. ಪೋಷಿಸಿದವರ ಹಕ್ಕೂ ಹುಟ್ಟಿನ ಭಾಷೆಯ ಹಕ್ಕೂ ಒಂದೇ ಪದಪುಂಜದಲ್ಲಿ ಎದುರುಬದುರಾಗಿವೆ.

ಆದ್ದರಿಂದ ಹೊಸ ಪಾರಿಭಾಷಿಕ ಪದವೊಂದನ್ನು ಟಂಕಿಸುವುದಷ್ಟೇ ಪರಿಹಾರವಲ್ಲ. ಯಾರಿಗೆ ಅಂಕಿತನಾಮ, ಯಾರಿಗೆ ಕಸುಬಿನ ಹೆಸರು, ಯಾರಿಗೆ ಸಂಬಂಧವಾಚಕ ದೊರೆತಿದೆ ಎಂಬುದನ್ನು ಪಠ್ಯದಿಂದ ಪಠ್ಯಕ್ಕೆ ಗುರುತಿಸುತ್ತ ಹೋದರೆ, ಕೃತಿಯು ಬಾಯಿಬಿಟ್ಟು ಹೇಳದ ಜನಾಂಗೀಯ ಶ್ರೇಣೀಕರಣವು ಅದರ ನಾಮಪದಗಳಲ್ಲಿಯೇ ಗೋಚರಿಸುತ್ತದೆ.